ಇರ್ಮಾಳ ಪಾಲಿಗೆ ಬಂದ ಕೂಸು

ವ್ಯಾನಿನಲ್ಲಿ ಎದ್ದು ಜಾಗ ಬಿಟ್ಟದ್ದು ಇರ್ಮಾಳಿಗಲ್ಲ, ಅವಳ ಮೊಣಕೈಗೆ ತೂಗುಬಿದ್ದಿದ್ದ ಬುಟ್ಟಿಯೊಳಗಿನ ಬಾಲಯೇಸುವಿಗೆ. ಅಲ್ಲಿಯತನಕ ಅವಳು ಒಂದು ಕೈಯಿಂದ ಕಂಬಿ ಹಿಡಿದು, ಇನ್ನೊಂದರಿಂದ ಕೆಳಹೊಟ್ಟೆ ಅದುಮಿಕೊಂಡು, ಹಣೆಯ ಮೇಲೆ ತಣ್ಣಗೆ ಬೆವರೊಡೆದು ನಿಂತಿದ್ದಾಗ ಒಂದು ನರಪಿಳ್ಳೆಯೂ ಕಣ್ಣೆತ್ತಿ ನೋಡಿರಲಿಲ್ಲ. ತಿರುವಿನಲ್ಲಿ ಬುಟ್ಟಿಯ ಕಸೂತಿ ಬಟ್ಟೆ ಜಾರಿತು. ಬಿಳಿ ಕೋಟು ತೊಟ್ಟು ಕೊರಳಿಗೆ ಸ್ಟೆತಸ್ಕೋಪು ಹಾಕಿಕೊಂಡಿದ್ದ ಪ್ಲಾಸ್ಟರ್ ಕೂಸಿನ ಗುಲಾಬಿ ಮುಖ ಹೊರಗಿಣುಕಿತು. ಅಷ್ಟೇ ಸಾಕಾಯಿತು. “ಅಯ್ಯೋ, ಡಾಕ್ಟರ್ ಸ್ವಾಮಿ ನಿಂತ್ಕೊಂಡಿದಾರಲ್ರೋ, ಏಳ್ರೋ!” ಎಂದು ಹಿಂದಿನ ಸೀಟಿನ ದಪ್ಪ ಹೆಂಗಸು ಕೂಗಿದ್ದೇ ತಡ, ಇಬ್ಬರು ಗಂಡಸರು ಒಟ್ಟಿಗೆ ಎದ್ದು ತಲೆ ತಲೆ ಢಿಕ್ಕಿ ಹೊಡೆದುಕೊಂಡರು. ಒಬ್ಬ ಟೋಪಿ ಬೇರೆ ತೆಗೆದ. ಇರ್ಮಾ ಕೂತಳು. ಕೂತ ಕೂಡಲೇ ಒಳಗೆ ಬೆನ್ನಿನ ಕಡೆಗೆ ಯಾರೋ ದಬ್ಬಣ ಇಳಿಸಿದಂತಾಯಿತು, ಆದರೂ ನಕ್ಕಳು. ಮೇಣದಬತ್ತಿಯ ಹಬ್ಬದ ದಿನ ದೇವರ ಕೂಸನ್ನು ಹೊತ್ತವಳು ಮುಖ ಹಿಂಡಬಾರದು. “ಮೂರು ವರ್ಷ ಬಿಡದೆ ಬಟ್ಟೆ ತೊಡಿಸಮ್ಮಾ, ಕೇಳಿದ್ದು ಕೊಟ್ಟೇ ಕೊಡ್ತಾನೆ,” ಎಂದ ದಪ್ಪ ಹೆಂಗಸು ಅದೇ ಉಸಿರಿನಲ್ಲಿ “ಮಕ್ಕಳೆಷ್ಟು?” ಎಂದಳು. ಇರ್ಮಾ ಬುಟ್ಟಿಯ ಕಡೆ ಗಲ್ಲ ತೋರಿಸಿ “ಇದೊಂದೇ” ಎಂದಳು. ಹೆಂಗಸು ನಗಲು ಬಾಯಿ ತೆರೆದವಳು ಅರ್ಧಕ್ಕೇ ನಿಲ್ಲಿಸಿ, ಸಾವಿನ ಮನೆಗೆ ಬಂದವರ ಮುಖ ಮಾಡಿದಳು. ಆ ಮುಖ ಇರ್ಮಾಳಿಗೆ ಬಾಯಿಪಾಠ. ಪ್ವೇಬ್ಲಾ ಊರಿನ ಅರ್ಧ ಜನ ಅವಳಿಗೆ ಆ ಮುಖ ತೋರಿಸಿಯಾಗಿತ್ತು, ಉಳಿದರ್ಧ ಜನಕ್ಕೆ ಅತ್ತೆ ಇನ್ನೂ ಸುದ್ದಿ ಮುಟ್ಟಿಸಿರಲಿಲ್ಲ.

ಈ ಕೂಸು ತನ್ನ ಪಾಲಿಗೆ ಬಂದದ್ದು ದೈವಚಿತ್ತದಿಂದಲ್ಲ, ಅತ್ತೆಯ ಚಿತ್ತದಿಂದ ಎಂಬುದು ಅವಳಿಗೆ ಗೊತ್ತಿತ್ತು. ಹೋದ ತಿಂಗಳು, ಬಾಲಯೇಸುವನ್ನು ನೋಡಲು ಬಂದ ಮೂರು ರಾಯರ ಹಬ್ಬದ ದಿನ, ಅತ್ತೆ ದೊನ್ಯಾ ಹೆನೊವೇವಾಳ ಮನೆಯಲ್ಲಿ ಎಲ್ಲರೂ ರೊಟ್ಟಿಯ ಸುತ್ತ ನೆರೆದಿದ್ದರು. ಬಳೆಯ ಹಾಗೆ ದುಂಡಗಿರುವ ಆ ಸಿಹಿ ರೊಟ್ಟಿಯೊಳಗೆ ಪುಟ್ಟ ಪುಟ್ಟ ಪ್ಲಾಸ್ಟಿಕ್ ಕೂಸುಗಳನ್ನು ಹುದುಗಿಸಿರುತ್ತಾರೆ. ಯಾರ ತುಂಡಿನಲ್ಲಿ ಕೂಸು ಸಿಕ್ಕಿತೋ ಅವರೇ ಮನೆಯ ಬಾಲಯೇಸುವಿಗೆ ಜ್ಞಾನತಾಯಿ. ಮೇಣದಬತ್ತಿಯ ಹಬ್ಬಕ್ಕೆ ಹರಕೆಗೆ ತಕ್ಕ ವೇಷದ ಹೊಸ ಬಟ್ಟೆ ತೊಡಿಸಿ ಚರ್ಚಿಗೆ ಹೊತ್ತೊಯ್ಯಬೇಕು, ಆಮೇಲೆ ಮನೆಮಂದಿಗೆಲ್ಲ ತಮಾಲೆ ಕಡುಬು ತಿನ್ನಿಸಬೇಕು. ಈ ಉಸಾಬರಿ ಯಾರಿಗೆ ಬೇಕು? ಮಾವ ದೊನ್ ಹಸಿಂತೊ ಕೂಸನ್ನು ದವಡೆಯಲ್ಲಿ ಅಡಗಿಸಿಟ್ಟು ಏನೂ ಆಗದವನಂತೆ ಕಾಫಿ ಕುಡಿಯುವುದರಲ್ಲಿ ಪಳಗಿದವನು. ಒಂದು ವರ್ಷ ನುಂಗಿಯೇ ಬಿಟ್ಟಿದ್ದನಂತೆ. ಆದರೆ ಈ ಸಲ ಅತ್ತೆ ಚಾಕುವನ್ನು ಸೀದಾ ಇರ್ಮಾಳ ಕೈಗೆ ಕೊಟ್ಟು, “ನೀನೇ ಮೊದಲು ಕೊಯ್ಯಿ ಮಗಳೇ. ಅಲ್ಲಲ್ಲ, ಇಲ್ಲಿ. ಈ ಹಸಿರು ಅಂಜೂರ ಇದೆಯಲ್ಲ, ಇದರ ಪಕ್ಕದಲ್ಲಿ,” ಎಂದಳು. ಅವಳು ಹಿಂದಿನ ದಿನ ರೊಟ್ಟಿಯಂಗಡಿಯವನ ಕಿವಿಯಲ್ಲಿ ಏನು ಊದಿದ್ದಳೋ, ಅವನೇನು ತಿಳಿದುಕೊಂಡನೋ, ಪುಣ್ಯಾತ್ಮ ಇದ್ದಬದ್ದ ಮೂರು ಕೂಸನ್ನೂ ಆ ಅಂಜೂರದ ಬುಡಕ್ಕೇ ತುರುಕಿದ್ದ. ಮೊದಲನೆಯದು ಹಲ್ಲಿಗೆ ಸಿಕ್ಕಾಗ ಎಲ್ಲರೂ ಚಪ್ಪಾಳೆ ತಟ್ಟಿದರು. ಎರಡನೆಯದು ತಟ್ಟೆಯಲ್ಲಿ ಕಾಲು ಚಾಚಿತು. ನಾದಿನಿ ಮಾರಿಬೆಲ್ ಕಿಸಕ್ಕೆಂದಳು. ಮೂರನೆಯದು ಹೊರಬಿದ್ದಾಗ ದೊನ್ ಹಸಿಂತೊ ಮೇಜು ಬಡಿದು, “ಭಲೇ! ಒಂದೇ ಹೆರಿಗೇಲಿ ಮೂರು!” ಎಂದ. ಗಂಡ ಎಫ್ರಾಯಿನ್ ಕೂಡ ನಕ್ಕ. ಜಾಸ್ತಿಯೇನಲ್ಲ, ಆದರೆ ನಕ್ಕ. ಇರ್ಮಾಳಿಗೆ ಈಗಲೂ ನಾಚಿಕೆಯಾಗುವುದು ಆ ನಗೆಯ ನೆನಪಿನಿಂದಲ್ಲ. ಸಂಚು ಗೊತ್ತಾಗುವುದಕ್ಕೆ ಮುಂಚೆ, ಮೊದಲ ಕೂಸು ಹಲ್ಲಿಗೆ ತಾಕಿದ ಆ ಒಂದು ಕ್ಷಣ ತನ್ನ ಎದೆ ಸಂತೋಷದಿಂದ ಹಾರಿತ್ತಲ್ಲ, ಅದರಿಂದ. ಕಣ್ಣು ಪರೀಕ್ಷೆ ಮಾಡುವ ಓದು ಓದಿದವಳು, ದಿನವಿಡೀ ಕನ್ನಡಕದಂಗಡಿಯಲ್ಲಿ ಜನರಿಗೆ ಸರಿಯಾಗಿ ನೋಡುವುದು ಹೇಗೆಂದು ಹೇಳಿಕೊಡುವವಳು, ಪ್ಲಾಸ್ಟಿಕ್ ತುಂಡೊಂದು ಹಲ್ಲಿಗೆ ಸಿಕ್ಕಿದ್ದಕ್ಕೆ ತಾಯಿಯಾದೆನೆಂದುಕೊಂಡಿದ್ದಳು.

ಅತ್ತೆಯ ಕಪಾಟಿನಿಂದ ಇಳಿಸಿದಾಗ ಬಾಲಯೇಸುವಿನ ಬಲಗೈಯ ಎರಡು ಬೆರಳು ಮುರಿದಿದ್ದವು. ಅದಕ್ಕೂ ಆಸ್ಪತ್ರೆಯಿದೆ. ಮಾರುಕಟ್ಟೆಯ ಹಿಂದಿನ ಬೀದಿಯಲ್ಲಿ, ಹಬ್ಬದ ಹಿಂದಿನ ವಾರವೆಲ್ಲ, ಹೆಂಗಸರು ಮಡಿಲಲ್ಲಿ ಒಂದೊಂದು ಪ್ಲಾಸ್ಟರ್ ಕೂಸಿಟ್ಟುಕೊಂಡು ಬೆಂಚಿನ ಮೇಲೆ ಸಾಲಾಗಿ ಕೂತಿರುತ್ತಾರೆ, “ನಿಮ್ಮ ಮಗೂಗೆ ಏನಾಗಿದೆ?” “ಮೂಗು ಹೋಗಿದೆ ರೀ. ನಿಮ್ಮದಕ್ಕೆ?” ಎಂದು ಸುಖದುಃಖ ಮಾತಾಡಿಕೊಳ್ಳುತ್ತಾರೆ. ಇರ್ಮಾಳ ಸರದಿ ಬಂದಾಗ ಅಂಗಡಿಯವನು ಕೂಸನ್ನು ಮೆತ್ತನೆ ಬಟ್ಟೆಯ ಮೇಲೆ ಮಲಗಿಸಿ, ದೀಪ ಹತ್ತಿರಕ್ಕೆಳೆದು, “ಪಾಪ, ಎಷ್ಟು ದಿನದಿಂದ ಹೀಗಿದೆ?” ಎಂದು ಕೇಳಿದ್ದ. ಅವಳನ್ನು ಆ ಪ್ರಶ್ನೆ ಯಾರೂ ಕೇಳಿರಲಿಲ್ಲ. ಹದಿಮೂರನೆಯ ವಯಸ್ಸಿನಲ್ಲಿ ಶಾಲೆಯ ಬಚ್ಚಲಿನ ನೆಲದ ಮೇಲೆ ಮುದುರಿ ಬಿದ್ದಿದ್ದಾಗ ಟೀಚರು, “ಏಳು, ಎಲ್ಲರಿಗೂ ಆಗೋದೇ, ನಾಟಕ ಮಾಡ್ಬೇಡ,” ಎಂದಿದ್ದರು. ಅಮ್ಮ ಓರೆಗಾನೊ ಸೊಪ್ಪಿನ ಕಷಾಯ ಕುಡಿಸಿ, ನೆಲ ಒರೆಸಲು ಬರಿಗಾಲಲ್ಲಿ ನಿಲ್ಲಬೇಡ, ಗರ್ಭಕೋಶಕ್ಕೆ ಶೀತ ಹತ್ತುತ್ತದೆ ಎಂದಳು. ಮೊದಲ ಡಾಕ್ಟರು ಅವಳ ಮುಖವನ್ನೂ ನೋಡದೆ, “ಮದುವೆಯಾದ್ರೆ ಎಲ್ಲಾ ಸರಿಹೋಗುತ್ತೆ,” ಎಂದ. ಮದುವೆಯಾಯಿತು, ಸರಿಹೋಗಲಿಲ್ಲ. ಎರಡನೆಯವನು, “ಒಂದು ಮಗುವಾದ್ರೆ ಸರಿಹೋಗುತ್ತೆ,” ಎಂದ. ಮಗುವಾಗಲಿಲ್ಲ. ಹೊಟ್ಟೆ ತಿಕ್ಕಿ ಜಾರಿದ ಗರ್ಭಕೋಶ ಮೇಲೆತ್ತುವ ಮುದುಕಿಯೊಬ್ಬಳ ಹತ್ತಿರ ಅತ್ತೆ ಕರೆದೊಯ್ದಳು. ಅವಳು ಎರಡೂ ಹೆಬ್ಬೆರಳಿನಿಂದ ಒತ್ತಿ, ಸೊಂಟಕ್ಕೆ ಬಿಗಿಯಾಗಿ ಪಟ್ಟಿ ಕಟ್ಟಿ, “ಈಗ ಸ್ವಸ್ಥಾನಕ್ಕೆ ಬಂತು” ಎಂದಳು, ಆ ರಾತ್ರಿ ಇರ್ಮಾ ದಿಂಬು ಕಚ್ಚಿಕೊಂಡು ಮಲಗಿದಳು. ಮೂರನೆಯ ಡಾಕ್ಟರು ಕೊನೆಗೂ ಹೊಟ್ಟೆಯೊಳಗೆ ಇಣುಕಿ ನೋಡಿ, ಎಂಡೊಮೆಟ್ರಿಯೋಸಿಸ್ ಎಂಬ ಹೆಸರು ಹೇಳಿ, ಈ ಕಾಯಿಲೆ ಇರುವವರಲ್ಲಿ ಎಷ್ಟೋ ಜನಕ್ಕೆ ಮಕ್ಕಳಾಗುವುದು ಕಷ್ಟ ಎಂದ. ಮಗುವಾದರೆ ಹೋಗುವ ಕಾಯಿಲೆ, ಕಾಯಿಲೆ ಹೋದರೆ ಆಗುವ ಮಗು. ಹುಚ್ಚು ಬಿಡದೆ ಮದುವೆಯಾಗಲ್ಲ, ಮದುವೆಯಾಗದೆ ಹುಚ್ಚು ಬಿಡಲ್ಲ ಅಂತಾರಲ್ಲ, ಅದೇ ಸಂಸಾರ. ಮಗುವಾದರೂ ಕಾಯಿಲೆ ಹೋಗುತ್ತದೆಂಬ ಭರವಸೆಯೇನಿಲ್ಲ ಎಂದು ಇವನೇ ಆಮೇಲೆ ಸೇರಿಸಿದ. ಬಾಲಯೇಸುವಿನ ಬೆರಳು ಮಾತ್ರ ಸಂಜೆಯೊಳಗೆ ಸರಿಹೋಗಿತ್ತು.

ವ್ಯಾನು ಚೌಕದ ಹತ್ತಿರ ನಿಂತಿತು, ಮುಂದೆ ಮೆರವಣಿಗೆಯಂತೆ ಬುಟ್ಟಿ ಹೊತ್ತ ಹೆಂಗಸರು. ಈ ದಿನ ಮುಗಿಯುವುದರೊಳಗೆ ಡಾಕ್ಟರಿಗೆ ಹೇಳಬೇಕಿತ್ತು, ಹೂಂ ಅಥವಾ ಉಹೂಂ. ನಿನ್ನೆ ನಾಲ್ಕನೆಯವನು, ಡಾಕ್ಟರ್ ಬಾರ್ರಾಗಾನ್, ಕಾಗದದ ಹಿಂಬದಿಯಲ್ಲಿ ಚಿತ್ರ ಬರೆದು ವಿವರಿಸಿದ್ದ. ಒಳ್ಳೆಯವನೇ, ನಿಧಾನವಾಗಿ ಮಾತಾಡುತ್ತಾನೆ, ಆದರೆ ಮಾತಾಡುವುದೆಲ್ಲ ಎಫ್ರಾಯಿನ್ ಜೊತೆ. “ನೋಡಿ ಸಾರ್, ಗರ್ಭಕೋಶದ ಒಳಪದರ ಇದೆಯಲ್ಲ, ಅಂಥದ್ದೇ ಹೊರಗೆಲ್ಲ ಬೆಳೆದಿದೆ. ತಿಂಗಳು ತಿಂಗಳು ಅದೂ ಊದ್ಕೊಂಡು ರಕ್ತ ಒಸರುತ್ತೆ, ಹೊರಗೆ ಹೋಗೋಕೆ ದಾರಿ ಇಲ್ಲ. ಒಳಗೆಲ್ಲಾ ಅಂಟು ಅಂಟು. ಎರಡು ನಾಳಾನೂ ಮಡಚಿ ಅಂಟ್ಕೊಂಡಿವೆ, ಮೊಟ್ಟೆ ದಾಟೋ ಹಾಗೇ ಇಲ್ಲ. ಎಡ ಅಂಡಾಶಯದಲ್ಲಿ ಹಳೇ ರಕ್ತದ ಗಡ್ಡೆ. ಕರಗಿದ ಚಾಕೊಲೇಟ್ ಥರಾ ಇರುತ್ತೆ, ಅದಕ್ಕೆ ಹೆಸರೂ ಚಾಕೊಲೇಟ್ ಗಡ್ಡೆ ಅಂತಾನೇ. ಕರುಳಿಗೂ ಹತ್ತಿದೆ.” ಎಫ್ರಾಯಿನ್ ಕಾರ್ ಫ್ಯಾಕ್ಟರಿಯಲ್ಲಿ ಇಂಜಿನ್ನಿನ ನಕ್ಷೆ ನೋಡುವವನ ಹಾಗೆ ಮುಂದಕ್ಕೆ ಬಾಗಿ ತಲೆಯಾಡಿಸುತ್ತಿದ್ದ. ದಾರಿಗಳು ಏನೇನೆಂದು ಡಾಕ್ಟರು ಹೇಳಿದ. ನಾಳ ಸರಿಯಿದ್ದಿದ್ದರೆ ವೀರ್ಯವನ್ನು ಸೀದಾ ಒಳಗೆ ಸೇರಿಸಿ ನೋಡಬಹುದಿತ್ತು, ಈಗ ಅದರಿಂದ ಉಪಯೋಗವಿಲ್ಲ. ಮಗುವೇ ಮುಖ್ಯವಾದರೆ ಮೊದಲು ಪ್ರನಾಳ ಶಿಶು: ಇಂಜೆಕ್ಷನ್ ಕೊಟ್ಟು ಮೊಟ್ಟೆ ಮಾಗಿಸಿ, ಸೂಜಿಯಿಂದ ತೆಗೆದು, ಹೊರಗೆ ಕೂಡಿಸಿ, ಮತ್ತೆ ಒಳಗಿಡುವುದು. ಅವಳಲ್ಲಿ ಉಳಿದಿರುವ ಮೊಟ್ಟೆ ಕಮ್ಮಿ, ಒಂದೇ ಸಲಕ್ಕೆ ಆಗುತ್ತದೆಂಬ ಮಾತಿಲ್ಲ, ಎರಡು ಮೂರು ಸುತ್ತು, ವರ್ಷವೇ ಹಿಡಿಯಬಹುದು, ಅಷ್ಟು ದಿನ ನೋವು ಹೀಗೇ ಇರುತ್ತದೆ, ಹೆಚ್ಚಿದರೂ ಹೆಚ್ಚಬಹುದು. ಆಪರೇಷನ್ನೇ ಮೊದಲಾದರೆ ಅಂಟೆಲ್ಲ ಬಿಡಿಸಿ ಗಡ್ಡೆ ತೆಗೆಯಬಹುದು. ಆದರೆ ಎಡ ಅಂಡಾಶಯ ಉಳಿಯುವುದು ಅನುಮಾನ, ಬಲಗಡೆಯದರಲ್ಲಿ ಹೇಳಿಕೊಳ್ಳುವಂಥದ್ದೇನಿಲ್ಲ. “ನೋವು ಪೂರ್ತಿ ಹೋಗುತ್ತೆ ಅಂತ ನಾನು ಬರೆದುಕೊಡಲ್ಲ. ಬಹಳಷ್ಟು ಹೋಗುತ್ತೆ. ಮಗುವಿನ ಆಸೆ ಮಾತ್ರ...” ಎಂದು ಪೆನ್ನಿನ ಮುಚ್ಚಳ ಹಾಕಿದ. ಗುರುವಾರ ರಾಜಧಾನಿಯಿಂದ ಕರುಳಿನ ಸರ್ಜನ್ ಬರುತ್ತಾರೆ, ಒಬ್ಬರು ರದ್ದು ಮಾಡಿಸಿ ಜಾಗ ಖಾಲಿಯಾಗಿದೆ, ಮತ್ತೆ ಯಾವಾಗ ಬರುತ್ತಾರೋ ಗೊತ್ತಿಲ್ಲ. “ಯೋಚನೆ ಮಾಡಿ ನಾಳೆಯೊಳಗೆ ಹೇಳಿ ಸಾರ್.” ಸಾರ್ ಯೋಚನೆ ಮಾಡುತ್ತೇನೆಂದ. ಇರ್ಮಾ ಮೇಜಿನ ಮೇಲಿದ್ದ ಚಿತ್ರವನ್ನು ನೋಡುತ್ತಿದ್ದಳು. ಅಂಡಾಶಯಗಳನ್ನು ಡಾಕ್ಟರು ಒಳ್ಳೆ ಕಿವಿಯೋಲೆಯ ಹಾಗೆ ಬರೆದಿದ್ದ.

ಮನೆಗೆ ಬಂದು ಎಫ್ರಾಯಿನ್ ಅದನ್ನೆಲ್ಲ ತಾಯಿಗೆ ಫೋನಿನಲ್ಲಿ ಒಪ್ಪಿಸಿದಾಗ ದೊನ್ಯಾ ಹೆನೊವೇವಾಳ ಕಿವಿಗೆ ಬಿದ್ದದ್ದು ಒಂದೇ ಮಾತು. “ನೋಡಿದ್ಯಾ, ನಾನು ಬಡ್ಕೊಂಡೆ, ಅವಳು ಚಾಕೊಲೇಟ್ ಜಾಸ್ತಿ ಕುಡೀತಾಳೆ ಅಂತ!” ಅಲ್ಲಿಗೆ ಇರ್ಮಾಳಿಗೆ ಚಾಕೊಲೇಟ್ ನಿಷೇಧವಾಯಿತು, ಚಾಕೊಲೇಟ್ ಬಿದ್ದಿರುವ ಮೋಲೆ ಸಾರೂ ನಿಷೇಧವಾಯಿತು. ಪ್ವೇಬ್ಲಾದ ಹೆಣ್ಣಿಗೆ ಮೋಲೆ ಬೇಡವೆಂದರೆ ಊರು ಬಿಡು ಎಂದ ಹಾಗೆ. ಎಫ್ರಾಯಿನ್ ತಿದ್ದಲು ಹೋಗಲಿಲ್ಲ. ಅವನು ಯಾವತ್ತೂ ತಿದ್ದಲು ಹೋದವನಲ್ಲ. ಕೆಟ್ಟವನೇನಲ್ಲ ಅವನು, ಅದೇ ಕಷ್ಟ. ಕೆಟ್ಟವನಾಗಿದ್ದರೆ ಬೈದುಕೊಂಡು ಹಗುರಾಗಬಹುದಿತ್ತು. ಅವನ ವೀರ್ಯಪರೀಕ್ಷೆ ಚೆನ್ನಾಗಿ ಬಂದಾಗ ಅವನಪ್ಪ ಕ್ಷೌರದಂಗಡಿಯಲ್ಲಿ ಕೂತು “ನಮ್ಮ ಕಡೆ ಮಾಲು ಫಸ್ಟ್ ಕ್ಲಾಸ್” ಎಂದು ಡಂಗುರ ಸಾರಿದ; ಎಫ್ರಾಯಿನ್ ನಾಚಿಕೊಂಡ, ಆದರೆ ಅವತ್ತಿನಿಂದ ಅವನ ನಡಿಗೆಯೇ ಬದಲಾಯಿತು. ಎರಡು ವರ್ಷದ ಹಿಂದೆ ಮೂರನೆಯ ಡಾಕ್ಟರು ಕೊಟ್ಟಿದ್ದ ಬಿಳಿ ಮಾತ್ರೆಗಳ ವಿಷಯದಲ್ಲೂ ಹಾಗೇ. ದಿನಕ್ಕೊಂದು ನುಂಗಿದರೆ ಮುಟ್ಟೇ ನಿಲ್ಲುತ್ತಿತ್ತು, ಒಳಗಿನ ಪಿಶಾಚಿ ಮಲಗುತ್ತಿತ್ತು. ನುಂಗುವಷ್ಟು ದಿನ ಮಗು ಇಲ್ಲ, ಬಿಟ್ಟರೆ ಪಿಶಾಚಿ ಎದ್ದು ಕೂರುತ್ತದೆ. ಆ ಕೆಲವು ತಿಂಗಳು ಇರ್ಮಾ ಬೋರಲು ಮಲಗಿ ನಿದ್ದೆ ಮಾಡಿದಳು, ಅಂಗಡಿಗೆ ನಡೆದುಕೊಂಡು ಹೋದಳು, ಒಂದು ಸಂಜೆ ಸುಮ್ಮಸುಮ್ಮನೆ ಹಾಡು ಗುನುಗುತ್ತಿದ್ದುದನ್ನು ತಾನೇ ಕೇಳಿಸಿಕೊಂಡು ಗಾಬರಿಬಿದ್ದಳು. ಅತ್ತೆ ಉಪ್ಪು ಹುಡುಕುವ ನೆಪದಲ್ಲಿ ಡಬ್ಬಿಗಳ ಹಿಂದಿನಿಂದ ಮಾತ್ರೆಯ ಪಟ್ಟಿ ಎಳೆದು ತೆಗೆದು, “ದಿನಕ್ಕೊಂದರಂತೆ ನನ್ನ ಮೊಮ್ಮಕ್ಕಳನ್ನ ನುಂಗ್ತಿದಾಳಲ್ಲೋ!” ಎಂದು ಅಂಗಳದಲ್ಲಿ ನಿಂತು ಎದೆ ಬಡಿದುಕೊಂಡಾಗ ಎಫ್ರಾಯಿನ್, “ಸ್ವಲ್ಪ ದಿನ ನಿಲ್ಸು ಕಣೇ, ಅಮ್ಮನ ಸಮಾಧಾನಕ್ಕೆ,” ಎಂದ. ಅವಳು ನಿಲ್ಲಿಸಿದಳು. ಯಾಕೆ ನಿಲ್ಲಿಸಿದೆ ಎಂದು ಆಮೇಲೆ ಎಷ್ಟೋ ಸಲ ತನ್ನನ್ನೇ ಕೇಳಿಕೊಂಡಿದ್ದಾಳೆ. ಎಲ್ಲೋ ಒಂದು ಕಡೆ ಅವಳಿಗೂ ಅತ್ತೆಯ ಮಾತು ನಿಜವೆನ್ನಿಸಿತ್ತು; ಬೇನೆಯಿಲ್ಲದೆ ನಿದ್ದೆ ಮಾಡುವುದು ಕದ್ದ ಮಾಲಿನ ಮೇಲೆ ಮಲಗಿದಂತೆ ಕಂಡಿತ್ತು.

ಚರ್ಚಿನೊಳಗೆ ಕಾಲಿಡಲು ಜಾಗವಿರಲಿಲ್ಲ. ಎತ್ತ ನೋಡಿದರೂ ಬಾಲಯೇಸುಗಳು: ಕಿರೀಟ ಇಟ್ಟವು, ರೆಕ್ಕೆ ಕಟ್ಟಿಕೊಂಡವು, ಫುಟ್ಬಾಲ್ ಅಂಗಿ ತೊಟ್ಟ ಒಂದು, ಪೋಪರ ವೇಷದ್ದೊಂದು. ತಾಯಂದಿರಿಗಿಂತ ಮಕ್ಕಳೇ ಗಂಭೀರವಾಗಿದ್ದವು. ಧೂಪದ ಹೊಗೆ, ಮೇಣದ ವಾಸನೆ, ಬೆವರು. ಇರ್ಮಾ ಕಂಬಕ್ಕೆ ಬೆನ್ನು ಕೊಟ್ಟು ನಿಂತಳು. ಪಾದ್ರಿ ತೀರ್ಥದ ಬಕೀಟು ಹಿಡಿದು ಬರುತ್ತಿದ್ದಂತೆ ಎಲ್ಲರೂ ಕೂಸುಗಳನ್ನು ಮೇಲೆತ್ತಿದರು. ಅವಳಿಗೆ ಎತ್ತಲಾಗಲಿಲ್ಲ, ಕೈಯೆತ್ತಿದರೆ ಹೊಟ್ಟೆ ಹರಿಯುತ್ತಿತ್ತು, ಎದೆಯ ಮಟ್ಟಕ್ಕೆ ಹಿಡಿದಳು, ಪಕ್ಕದವಳು, “ಮೇಲೆ ಎತ್ತಮ್ಮ, ಹೀಗೆ ಹಿಡಿದ್ರೆ ಎಲ್ಲಿಂದ ಫಲ ಬರುತ್ತೆ?” ಎಂದು ಗದರಿದಳು. ಏನಾದರೂ ಕೇಳಿಕೊಳ್ಳಬೇಕಲ್ಲ. ಕಣ್ಣು ಮುಚ್ಚಿದಳು. ಅಂಗಡಿಯಲ್ಲಿ ಅವಳು ಗಾಜು ಬದಲಿಸಿ ಬದಲಿಸಿ “ಯಾವುದು ಸ್ಪಷ್ಟ, ಇದೋ ಅದೋ?” ಎಂದು ಕೇಳುವಾಗ ಗಿರಾಕಿಗಳು ಪರೀಕ್ಷೆಗೆ ಕೂತ ಹುಡುಗರಂತೆ ಹೆದರಿ, “ಯಾವುದು ಸರಿ ಮೇಡಂ?” ಎನ್ನುತ್ತಾರೆ. “ಸರಿ ತಪ್ಪು ಅಂತಿಲ್ಲ, ನಿಮಗೆ ಕಾಣೋದು ಹೇಳಿ,” ಎಂದು ಅವಳೇ ದಿನಾ ಹೇಳುತ್ತಾಳೆ. ಈಗ ತನಗೆ ಕಾಣುವುದೇನು? ಮಗುವಿನ ಆಸೆ ಇರಲಿಲ್ಲವೆಂದಲ್ಲ. ಮದುವೆಯ ಹೊಸದರಲ್ಲಿ ಹೆಸರೂ ಇಟ್ಟುಕೊಂಡಿದ್ದಳು, ಹೆಣ್ಣಾದರೆ ಅರಾಸೆಲಿ ಎಂದು, ಮಾರಿಬೆಲ್ ತನ್ನ ಎರಡನೆಯ ಕೂಸನ್ನು ತೊಡೆಯ ಮೇಲೆ ಹಾಕಿದಾಗ ಅದರ ನೆತ್ತಿಯ ವಾಸನೆಗೆ ಕಣ್ಣು ತುಂಬಿಬಂದಿತ್ತು. ಆದರೆ ಒಳಗೆ ಹೋಗಿ ಹುಡುಕಿದರೆ ಆ ಆಸೆ ಕೂರಲು ಜಾಗವೇ ಉಳಿದಿರಲಿಲ್ಲ. ಎರಡು ದಿನಕ್ಕೆಂದು ಬಂದ ನೆಂಟ ಮನೆಯ ಕೋಣೆಗಳನ್ನೆಲ್ಲ ಹಿಡಿದುಕೊಂಡ ಹಾಗೆ ನೋವು ಎಲ್ಲೆಲ್ಲೂ ಹಾಸಿಗೆ ಬಿಚ್ಚಿತ್ತು. ಯಾರಿಗಾದರೂ ಒಬ್ಬರಿಗೆ ಮಗು ಬೇಕಿತ್ತು, ಹೌದು. ಅದು ತಾನೋ, ಅತ್ತೆಯೋ, ವ್ಯಾನಿನ ಹೆಂಗಸೋ ಗೊತ್ತಾಗುತ್ತಿರಲಿಲ್ಲ. ತೀರ್ಥದ ಹನಿ ಮುಖಕ್ಕೆ ರಪ್ಪನೆ ಬಿತ್ತು. ಅವಳ ಬಾಯಿಂದ ಹೊರಟದ್ದು, “ನೋವೊಂದು ಹೋಗ್ಲಿ ದೇವರೇ, ಬೇರೇನೂ ಬೇಡ.” ಕೇಳಿಕೊಂಡಾದ ಮೇಲೆ ಯಾರಿಗಾದರೂ ಕೇಳಿಸಿತೇನೋ ಎಂದು ಕಳ್ಳಿಯ ಹಾಗೆ ಅತ್ತಿತ್ತ ನೋಡಿದಳು.

ಅತ್ತೆಯ ಮನೆಯಲ್ಲಿ ಹಬೆಯ ಹಂಡೆ ಕುದಿಯುತ್ತಿತ್ತು. ನಿನ್ನೆ ಆಸ್ಪತ್ರೆಯಿಂದ ಬಂದು, ಬಿಸಿನೀರಿನ ಚೀಲವನ್ನು ಸೊಂಟಕ್ಕೆ ಕಟ್ಟಿಕೊಂಡು, ಜೋಳದ ಹಿಟ್ಟು ನಾದಿ, ತೆನೆಯ ಸಿಪ್ಪೆಯಲ್ಲಿ ಸುತ್ತಿ ಸುತ್ತಿ ಇರ್ಮಾ ಇಟ್ಟ ತಮಾಲೆಗಳು. ಜ್ಞಾನತಾಯಿಯ ಕೈಯಡುಗೆಯೇ ಆಗಬೇಕು, ಅಂಗಡಿಯದಾದರೆ ಬಾಲಯೇಸು ಮುನಿಯುತ್ತಾನೆ ಎಂದು ಅತ್ತೆ ಹೇಳಿದ್ದಳು. ಮಾರಿಬೆಲ್‌ಳ ನಾಲ್ಕು ಮಕ್ಕಳು ಅಂಗಳದಲ್ಲಿ ಕಿರುಚುತ್ತಿದ್ದವು. ಡಾಕ್ಟರ್ ವೇಷದ ಕೂಸನ್ನು ಬುಟ್ಟಿಸಮೇತ ಮೇಜಿನ ತಲೆಯ ಕಡೆ, ಹೂವಿನ ನಡುವೆ ಕೂರಿಸಿದರು. “ಎಷ್ಟು ಒಪ್ಪುತ್ತೆ ನೋಡು ಕೋಟು!” ಎಂದ ಅತ್ತೆ ಎಲ್ಲರ ತಟ್ಟೆಗೂ ಬಡಿಸುತ್ತಾ ಬಂದು ಇರ್ಮಾಳ ಹತ್ತಿರ ಸಟ್ಟುಗ ತಡೆದಳು. “ಇವಳಿಗೆ ಮೋಲೆದು ಬೇಡ. ಹಸಿರು ಮೆಣಸಿನಕಾಯಿದು ಸಾಕು. ಇವಳ ಹೊಟ್ಟೇಲಿ ಆಗ್ಲೇ ಬೇಕಾದಷ್ಟು ಚಾಕೊಲೇಟ್ ಇದೆ.” ದೊನ್ ಹಸಿಂತೊ ಹೊಟ್ಟೆ ಕುಣಿಸಿ ನಕ್ಕ. “ನಮ್ಮ ಕಾಲದಲ್ಲಿ ಹೆಂಗಸರ ಹೊಟ್ಟೇಲಿ ಮಕ್ಕಳಿರ್ತಿದ್ವು, ಈಗ ಮಿಠಾಯಿ ಅಂಗಡಿ!” “ಸುಮ್ನಿರಿ ಅಪ್ಪಾ,” ಎಂದ ಮಾರಿಬೆಲ್ ಇರ್ಮಾಳ ಕಿವಿಯ ಹತ್ತಿರ ಬಾಗಿ, “ಆದ್ಮೇಲೆ ಕಾಲು ಗೋಡೆಗೆತ್ತಿ ಮಲಗ್ತಿದ್ದೀಯಾ ತಾನೆ? ನಂಗೆ ಮೂರನೇದು ಹಾಗೇ ಆಗಿದ್ದು,” ಎಂದು ಪಿಸುಗುಟ್ಟಿದಳು. ಇರ್ಮಾ ಹೂಂ ಎಂದಳು. ಹೂಂ ಎನ್ನುವುದು ಅವಳಿಗೆ ಉಸಿರಾಟದಷ್ಟೇ ಸಲೀಸು. ಸಿಪ್ಪೆ ಬಿಚ್ಚಿ ಒಂದು ತುತ್ತು ಬಾಯಿಗಿಟ್ಟಳು. ಉಪ್ಪು ಕಮ್ಮಿಯಾಗಿತ್ತು. ಯಾರೂ ಹೇಳಲಿಲ್ಲ; ಮಕ್ಕಳಿಲ್ಲದವಳ ಅಡುಗೆಯಲ್ಲಿ ತಪ್ಪು ಹುಡುಕುವಷ್ಟು ಕಟುಕರಲ್ಲ ಅವರು.

ಆಗ ಎಫ್ರಾಯಿನ್ ಎದ್ದು ನಿಂತ. ಅತೋಲೆ ಗಂಜಿಯ ಲೋಟ ಎತ್ತಿ ಗಂಟಲು ಸರಿಮಾಡಿಕೊಂಡ. “ಎಲ್ಲರಿಗೂ ಒಂದು ವಿಷಯ ಹೇಳ್ಬೇಕು. ನಾವು ಯೋಚನೆ ಮಾಡಿದ್ವಿ. ಪ್ರನಾಳ ಶಿಶುವೇ ಮಾಡಿಸೋದು ಅಂತ. ಮುಂದಿನ ತಿಂಗಳೇ ಶುರು.” ಅತ್ತೆ “ಅಬ್ಬಾ ನನ್ನಪ್ಪಾ!” ಎಂದು ಬುಟ್ಟಿಯ ಕಡೆ ಶಿಲುಬೆ ಗುರುತು ಹಾಕಿದಳು. ಹಸಿಂತೊ ಮಗನ ಬೆನ್ನಿಗೆ ಗುದ್ದಿದ. ನಾವು ಯೋಚನೆ ಮಾಡಿದ್ವಿ. ಇರ್ಮಾ ಆ ಯೋಚನೆ ಯಾವಾಗ ನಡೆಯಿತೆಂದು ನೆನಪಿಸಿಕೊಳ್ಳಲು ನಿಜಕ್ಕೂ ಪ್ರಯತ್ನಪಟ್ಟಳು. ನಿನ್ನೆ ಹಿಟ್ಟು ನಾದುವಾಗ ಅವನು ಅಡುಗೆಮನೆಯ ಬಾಗಿಲಲ್ಲಿ ನಿಂತು, “ಒಂದು ವರ್ಷ ತಾನೆ, ತಡ್ಕೊಳ್ಳೋಣ ಅಲ್ವಾ?” ಎಂದಿದ್ದ. ಆಗಲೂ ಅವಳು ಹೂಂ ಎಂದಿರಬೇಕು. ತಡ್ಕೊಳ್ಳೋಣ ಎಂದಿದ್ದ, ಇಬ್ಬರೂ ಸೇರಿ ತಡೆದುಕೊಳ್ಳುವಂತೆ, ಅರ್ಧ ದಬ್ಬಣ ಅವನಿಗೆ ಅರ್ಧ ಇವಳಿಗೆ ಎಂಬಂತೆ. ಕೆಳಹೊಟ್ಟೆಯಲ್ಲಿ ಏನೋ ತಿರುಚಿ ಬಿಟ್ಟುಕೊಂಡಿತು. ಅವಳು ಮೇಜಿನ ಅಂಚು ಹಿಡಿದಳು. ಮುಂದಿನ ತಿಂಗಳಿಂದ ಇಂಜೆಕ್ಷನ್ನು, ಮತ್ತೆ ಮುಟ್ಟು, ಮತ್ತೆ ಸುತ್ತು, ಪ್ರತಿ ಸುತ್ತಿಗೂ ಈ ಮೇಜು, ಈ ಮುಖಗಳು, ಈ ಚಪ್ಪಾಳೆ.

“ನಾನು ಗುರುವಾರ ಆಪರೇಷನ್ ಮಾಡಿಸ್ಕೋತೀನಿ,” ಎಂದಳು. ದನಿ ತನ್ನದೇ ಹೌದೋ ಎಂದು ಅವಳಿಗೇ ಅನುಮಾನವಾಯಿತು. “ಡಾಕ್ಟರಿಗೆ ಬೆಳಿಗ್ಗೆನೇ ಹೇಳಾಯ್ತು.”

ಹೇಳಿರಲಿಲ್ಲ. ಆದರೆ ಬಾಯಿಂದ ಬಿದ್ದ ಮೇಲೆ ಅದು ಹೇಳಿದ ಹಾಗೇ ಆಯಿತು. ಇನ್ನು ಫೋನ್ ಮಾಡುವುದೊಂದು ಬಾಕಿ, ಊಟವಾದ ಕೂಡಲೇ ಮಾಡುವುದು. ಎಫ್ರಾಯಿನ್ ಲೋಟ ಹಿಡಿದುಕೊಂಡೇ ನಿಂತಿದ್ದ. “ಇರ್ಮಾ, ಆಪರೇಷನ್ ಮಾಡಿಸಿದ್ರೆ ಅಂಡಾಶಯ ಹೋಗುತ್ತೆ ಕಣೇ. ಡಾಕ್ಟರ್ ಹೇಳ್ಲಿಲ್ವಾ?”

“ಹೇಳಿದ್ರು. ನಿಂಗೆ ಹೇಳಿದ್ರು. ನಾನೂ ಅಲ್ಲೇ ಕೂತಿದ್ದೆ, ನಂಗೂ ಕೇಳಿಸ್ತು.”

“ಅಂದ್ರೆ ಮಗು?” ಅತ್ತೆಯ ಸಟ್ಟುಗದಿಂದ ಮೋಲೆ ತೊಟ್ಟಿಕ್ಕುತ್ತಿತ್ತು.

“ಆಗೋದಿಲ್ಲ ಅತ್ತೆ. ಆಗದೇ ಇರಬಹುದು ಅಂತ ಇಟ್ಕೊಳ್ಳಿ, ನಿಮ್ಮ ಸಮಾಧಾನಕ್ಕೆ.”

“ಮಗು ಆಗದೇ ಇರೋದಕ್ಕೆ ಯಾರಾದ್ರೂ ಆಪರೇಷನ್ ಮಾಡಿಸ್ಕೋತಾರೇನೆ? ಮತ್ತೆ ಯಾತಕ್ಕೆ ಅದು?”

“ನೋವಿಗೆ.”

“ಯಾವ ನೋವು?”

ಕೊಂಕಿರಲಿಲ್ಲ ಆ ಪ್ರಶ್ನೆಯಲ್ಲಿ. ದೊನ್ಯಾ ಹೆನೊವೇವಾ ನಿಜಕ್ಕೂ ಗೊತ್ತಿಲ್ಲದವಳ ಹಾಗೆ, ಒಂದಿಷ್ಟು ಗಾಬರಿಯಿಂದಲೇ ಕೇಳಿದ್ದಳು. ಇಷ್ಟು ವರ್ಷ ಈ ಮನೆಯಲ್ಲಿ ಇರ್ಮಾಳ ಹೊಟ್ಟೆಯ ಬಗ್ಗೆ ಆಡದ ಮಾತಿರಲಿಲ್ಲ. ಶೀತ, ಉಷ್ಣ, ಕೆಟ್ಟ ದೃಷ್ಟಿ, ಚಾಕೊಲೇಟು, ಎಲ್ಲ ಆಗಿತ್ತು. ನೋವು ಎಂಬ ಮಾತೊಂದು ಮೇಜಿಗೆ ಬಂದಿರಲಿಲ್ಲ. ಇರ್ಮಾ ಗಂಡನ ಕಡೆ ನೋಡಿದಳು. ಅವನಿಗೆ ಗೊತ್ತು. ಬಿಸಿನೀರಿನ ಚೀಲ ತುಂಬಿಕೊಟ್ಟವನು ಅವನು, ಬಚ್ಚಲ ಬಾಗಿಲು ತಟ್ಟಿ “ಬದುಕಿದ್ದೀಯಾ?” ಎಂದು ಕೇಳಿದವನು ಅವನು. ಈಗ ಒಂದೇ ಒಂದು ಮಾತು ಆಡಿದರೆ ಸಾಕಿತ್ತು. ಎಫ್ರಾಯಿನ್ ಕೂತುಕೊಂಡ. ತಟ್ಟೆಯಲ್ಲಿದ್ದ ತಮಾಲೆಯ ಸಿಪ್ಪೆಯನ್ನು ಎಳೆಯೆಳೆಯಾಗಿ ಬಿಡಿಸುತ್ತಾ, ತಲೆಯೆತ್ತದೆ, “ಅದೇ ಅಮ್ಮಾ... ಹೆಂಗಸರಿಗೆ ಆಗೋದು,” ಎಂದ.

ಇರ್ಮಾ ತನಗೆ ಅಳು ಬರುತ್ತದೆಂದುಕೊಂಡಿದ್ದಳು, ಬರಲಿಲ್ಲ. ಬಂದದ್ದು ಕೋಪ, ಅದೂ ಎಂಥದ್ದೆಂದರೆ ಹಸಿವಾದಷ್ಟು ಸರಳವಾದ ಕೋಪ. ಮೇಜಿನಾಚೆ ಕೈ ಚಾಚಿ ಮೋಲೆಯ ತಮಾಲೆಯೊಂದನ್ನು ಎತ್ತಿ ತನ್ನ ತಟ್ಟೆಗೆ ಹಾಕಿಕೊಂಡಳು. “ಹೇಳ್ತೀನಿ ಅತ್ತೆ, ಯಾವ ನೋವು ಅಂತ. ಕೂತ್ಕೊಳ್ಳಿ. ಮುಟ್ಟಾಗೋಕೆ ಮುಂಚೆ ಶುರುವಾಗುತ್ತೆ, ತೊಡೆಗೆ ಇಳಿಯುತ್ತೆ, ನಿಂತ್ರೆ ಕಣ್ಣು ಕತ್ತಲೆ. ಅಂಗಡೀಲಿ ಗಿರಾಕಿ ಕೂರಿಸಿ ಒಳಗೆ ಹೋಗಿ ವಾಂತಿ ಮಾಡಿ, ಬಾಯಿ ತೊಳ್ಕೊಂಡು ಬಂದು ಮತ್ತೆ ಕನ್ನಡಕ ಹಾಕ್ತೀನಿ.” ಹಸಿಂತೊ ಅಗಿಯುವುದನ್ನು ನಿಲ್ಲಿಸಿದ. “ಕಕ್ಕಸಿಗೆ ಕೂತ್ರೆ ಒಳಗಡೆಯಿಂದ ಯಾರೋ ಗಾಜು ಎಳೆದ ಹಾಗೆ. ಕರುಳಿಗೆ ಅಂಟ್ಕೊಂಡಿದೆಯಂತಲ್ಲ, ಅದಕ್ಕೆ. ಬಾಯಿಗೆ ಟವಲು ತುರುಕ್ಕೊಂಡು ಕೂರ್ತೀನಿ, ಪಕ್ಕದ ಮನೆಯವರಿಗೆ ಕೇಳಿಸ್ಬಾರ್ದು ಅಂತ.”

“ಇರ್ಮಾ, ಸಾಕು,” ಎಂದ ಎಫ್ರಾಯಿನ್.

“ಇನ್ನೂ ಇದೆ. ಮಾರಿಬೆಲ್, ಕಾಲು ಗೋಡೆಗೆತ್ತು ಅಂದ್ಯಲ್ಲ, ಎತ್ತಿದ್ದೀನಿ. ಆದ್ರೆ ಅದಕ್ಕೆ ಮುಂಚೆ ಏನಾಗುತ್ತೆ ಗೊತ್ತಾ? ಇವನ ಜೊತೆ ಮಲಗಿದಾಗಲೆಲ್ಲ, ಒಂದು ಸಲ ಬಿಡದೆ, ಪ್ರತಿ ಸಲ, ನಂಗೆ ಚಾಕು ಹಾಕಿದ ಹಾಗಾಗುತ್ತೆ. ನಾನು ಕಿರುಚಿಕೊಂಡಿದ್ದನ್ನ ಇವನು...”

“ಇರ್ಮಾ!” ದೊನ್ಯಾ ಹೆನೊವೇವಾ ಕೂತಲ್ಲಿಂದ ಚಂಗನೆ ಎದ್ದಳು, ಕುರ್ಚಿ ಹಿಂದಕ್ಕೆ ಬಿತ್ತು. “ಥೂ, ನಾಚಿಕೆಯಿಲ್ವೇನೇ ನಿಂಗೆ? ಊಟದ ಮುಂದೆ! ಮಗು ಮುಂದೆ!” ಎಂದವಳು ಬುಟ್ಟಿಗೆ ಕೈ ಹಾಕಿ ಪ್ಲಾಸ್ಟರ್ ಕೂಸನ್ನು ಎದೆಗವಚಿಕೊಂಡು, ಎರಡೂ ಅಂಗೈಗಳಿಂದ ಡಾಕ್ಟರ ಕಿವಿಗಳನ್ನು ಭದ್ರವಾಗಿ ಮುಚ್ಚಿದಳು.

ಇರ್ಮಾ ದನಿಯನ್ನು ಇನ್ನೊಂದಿಷ್ಟು ಏರಿಸಿದಳು.